ಬತ್ತಿದ ಕೆರೆಗಳೂ ಆರಿದ ಗೆಲಾಕ್ಸಿಗಳೂ

ಸರ್ಕಾರಿ ಸೇವೆಯಲ್ಲಿ ಮೂರೂವರೆ ದಶಕ ಕಳೆದವನ ನೆನಪಿನಲ್ಲಿ ಉಳಿಯುವುದು ಮಂಜೂರು ಮಾಡಿದ ಕಡತಗಳಿಗಿಂತ ಹೆಚ್ಚಾಗಿ ತಿರಸ್ಕರಿಸಿದ ಕಡತಗಳು. ಅಂಥ ಒಂದು ಕಡತ 1996ರ ಸುಮಾರಿಗೆ ನನ್ನ ಮೇಜಿಗೆ ಬಂದಿತ್ತು. ಬಯಲುಸೀಮೆಯ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಅಧ್ಯಾಪಕರೊಬ್ಬರು ಎಂಟು ಅಂಗುಲ ವ್ಯಾಸದ ದೂರದರ್ಶಕ ಕೊಳ್ಳಲು ಅನುದಾನ ಕೋರಿದ್ದರು. ಮೊತ್ತವೇನೂ ದೊಡ್ಡದಲ್ಲ, ನಮ್ಮ ಕಚೇರಿಯ ಎರಡು ಜೀಪುಗಳ ವರ್ಷದ ಡೀಸೆಲ್ ವೆಚ್ಚಕ್ಕಿಂತ ಕಡಿಮೆ. ಆದರೂ ಆ ವರ್ಷ ಕುಡಿಯುವ ನೀರಿನ ಬಾಬತ್ತಿಗೇ ಹಣ ಸಾಲದಿದ್ದ ಕಾರಣ ನಾನು ಕಡತದ ಮೇಲೆ ಹೀಗೆ ಷರಾ ಬರೆದೆ: ‘ತಕ್ಷಣದ ಸಾರ್ವಜನಿಕ ಉಪಯೋಗ ಕಂಡುಬರುವುದಿಲ್ಲ. ಪ್ರಸ್ತಾವವನ್ನು ಸದ್ಯಕ್ಕೆ ಮುಂದೂಡಬಹುದು.’ ಸರ್ಕಾರದ ಭಾಷೆಯಲ್ಲಿ ‘ಸದ್ಯಕ್ಕೆ’ ಎಂಬುದರ ಅರ್ಥವೇನೆಂದು ಕಚೇರಿ ಅಲೆದ ಯಾರಿಗೂ ವಿವರಿಸಬೇಕಾಗಿಲ್ಲ.

ಆ ಷರಾ ಮತ್ತೆ ನೆನಪಾಗಲು ಕಾರಣಳಾದವಳು ನನ್ನ ಅಣ್ಣನ ಮೊಮ್ಮಗಳು. ಆಕೆ ಖಗೋಳವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಕಳೆದ ಬಾರಿ ಮನೆಗೆ ಬಂದಾಗ, ಯಾವ ವಿಷಯದ ಮೇಲೆ ಕೆಲಸ ಮಾಡುತ್ತಿದ್ದೀಯಮ್ಮಾ ಎಂದು ಕೇಳಿದೆ. ‘ಹೊಸ ನಕ್ಷತ್ರಗಳು ಹುಟ್ಟುವುದು ನಿಂತುಹೋಗಿರುವ ದೂರದ ಗೆಲಾಕ್ಸಿಗಳ ಮೇಲೆ, ತಾತ’ ಎಂದಳು. ಹಳೆಯ ಅಭ್ಯಾಸ ಸುಲಭವಾಗಿ ಬಿಡುವಂಥದಲ್ಲ. ‘ನಿಂತುಹೋದದ್ದನ್ನು ಓದಿ ಪ್ರಯೋಜನವೇನು?’ ಎಂಬ ಪ್ರಶ್ನೆ ಬಾಯಿಂದ ಬಂದೇಬಿಟ್ಟಿತು. ಆಕೆ ನಕ್ಕು, ‘ಬತ್ತಿದ ಕೆರೆಗಳ ಬಗ್ಗೆ ನೀವು ವರದಿ ಬರೆದಿರಲಿಲ್ಲವೇ? ಅದರಿಂದ ಪ್ರಯೋಜನವೇನಾಯಿತು?’ ಎಂದು ತಿರುಗಿ ಕೇಳಿದಳು.

ಪ್ರಶ್ನೆ ನಾಟಿತು. ಈ ಶತಮಾನದ ಆರಂಭದ ಬರಗಾಲದ ವರ್ಷಗಳಲ್ಲಿ ನಾನು ಅಂಥ ವರದಿಯೊಂದನ್ನು ಬರೆದಿದ್ದು ನಿಜ. ಕೆರೆ ಬತ್ತಿದೆ ಎಂದರೆ ಊರವರು ಮಳೆಯನ್ನು ದೂರುತ್ತಾರೆ. ಆದರೆ ಕಾರಣಗಳು ಹಲವಿರಬಹುದು. ಪೋಷಕ ಕಾಲುವೆ ಮುಚ್ಚಿಹೋಗಿ ನೀರು ಬಾರದಿರಬಹುದು. ಏರಿ ಒಡೆದು ಇದ್ದ ನೀರೂ ಒಮ್ಮೆಗೇ ಹರಿದುಹೋಗಿರಬಹುದು. ಮಿತಿಮೀರಿ ತೂಬು ಎತ್ತಿ ಬರಿದು ಮಾಡಿರಬಹುದು. ಅಥವಾ ನೀರಿದ್ದೂ ತೂಬು ಕೆಟ್ಟು ಹೊಲಕ್ಕೆ ಹರಿಯದೆ ಹೋಗಿರಬಹುದು. ಯಾವುದು ನಿಜ ಎಂದು ತಿಳಿಯಲು ಏರಿಯ ಮೇಲೆ ನಿಂತು ನೋಡಿದರೆ ಸಾಲದು. ಅಕ್ಕಪಕ್ಕದ ಕೆರೆಗಳನ್ನು ನೋಡಬೇಕು, ಮಳೆಯ ಲೆಕ್ಕ ತೆಗೆಸಬೇಕು. ಕೆರೆಯಂಗಳದಲ್ಲಿ ಬೆಳೆದ ಜಾಲಿಗಿಡಗಳ ವಯಸ್ಸು ನೋಡಿ ನೀರು ನಿಂತು ಎಷ್ಟು ವರ್ಷವಾಯಿತೆಂದು ಅಂದಾಜು ಮಾಡಬೇಕು. ಖಗೋಳವಿಜ್ಞಾನಿಗಳು ಮಾಡುತ್ತಿರುವುದೂ ಇದನ್ನೇ ಎಂದು ಆಕೆಯ ಮಾತಿನಿಂದ ಅರ್ಥವಾಯಿತು. ಅಂದಿನಿಂದ ಈ ವಿಷಯದ ಬೆನ್ನು ಹತ್ತಿ ಓದಿದ್ದೇನೆ. ನಾನು ವಿಜ್ಞಾನಿಯಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿ. ತಿಳಿದಷ್ಟನ್ನು ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ದಾಸ್ತಾನು ಮತ್ತು ಹರಿವು

ಗೆಲಾಕ್ಸಿ ಎಂದರೆ ಗುರುತ್ವದಿಂದ ಒಟ್ಟಿಗೆ ಹಿಡಿದಿಟ್ಟ ಕೋಟ್ಯಂತರ ನಕ್ಷತ್ರಗಳ, ಅನಿಲದ, ಧೂಳಿನ ಮತ್ತು ಕಣ್ಣಿಗೆ ಕಾಣದ ದ್ರವ್ಯದ ಸಮೂಹ. ನಮ್ಮ ಸೂರ್ಯ ಸೇರಿರುವ ಗೆಲಾಕ್ಸಿಗೆ ಆಕಾಶಗಂಗೆ ಎಂದು ಹೆಸರು. ನಕ್ಷತ್ರ ಹುಟ್ಟಬೇಕಾದರೆ ಜಲಜನಕ ಅನಿಲ ಬೇಕು. ಅದು ತಣ್ಣಗೂ ಇರಬೇಕು. ಸೊನ್ನೆಗಿಂತ 250 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿನ ಚಳಿಯಲ್ಲಿರುವ ಅನಿಲದ ಮೋಡ ಮಾತ್ರ ತನ್ನ ಭಾರಕ್ಕೆ ತಾನೇ ಕುಸಿದು ನಕ್ಷತ್ರವಾಗಬಲ್ಲದು. ಬಿಸಿ ಅನಿಲದ ಒತ್ತಡ ಆ ಕುಸಿತವನ್ನು ತಡೆಯುತ್ತದೆ.

ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು ದಾಸ್ತಾನು ಮತ್ತು ಹರಿವುಗಳ ವ್ಯತ್ಯಾಸ. ಖಜಾನೆಯಲ್ಲಿರುವ ಶಿಲ್ಕು ದಾಸ್ತಾನು. ಆದಾಯ, ವೆಚ್ಚಗಳು ಹರಿವು. ಈ ಲೆಕ್ಕವನ್ನು ಆಕಾಶಗಂಗೆಗೆ ಅನ್ವಯಿಸಿ ನೋಡೋಣ. ಸೂರ್ಯನಂಥ ಒಂದೆರಡು ನಕ್ಷತ್ರಗಳಿಗೆ ಸಾಕಾಗುವಷ್ಟು ಅನಿಲ ಇಲ್ಲಿ ಪ್ರತಿವರ್ಷ ನಕ್ಷತ್ರಗಳಾಗಿ ಪರಿವರ್ತನೆಯಾಗುತ್ತಿದೆ. ಕೈಯಲ್ಲಿರುವ ತಣ್ಣನೆಯ ಅನಿಲದ ದಾಸ್ತಾನು ಇದೇ ವೆಚ್ಚದಲ್ಲಿ ಕೆಲವು ನೂರು ಕೋಟಿ ವರ್ಷಗಳಿಗೆ ಸಾಲಬಹುದು, ಅಷ್ಟೆ. ಆದರೆ ಆಕಾಶಗಂಗೆ ಸಾವಿರ ಕೋಟಿಗೂ ಹೆಚ್ಚು ವರ್ಷಗಳಿಂದ ನಕ್ಷತ್ರಗಳನ್ನು ಹಡೆಯುತ್ತಲೇ ಬಂದಿದೆ. ಎಂದರೆ ಹೊರಗಿನ ವಿಶಾಲ ಅವಕಾಶದಿಂದ ಹೊಸ ಅನಿಲ ಒಳಗೆ ಹರಿದುಬರುತ್ತಿರಲೇಬೇಕು. ಕೆರೆಯ ಆಯುಸ್ಸು ಅದರ ಆಳದಲ್ಲಿಲ್ಲ, ಪೋಷಕ ಕಾಲುವೆಯಲ್ಲಿದೆ.

ಆದರೆ ಎಲ್ಲ ಗೆಲಾಕ್ಸಿಗಳೂ ಹೀಗಿಲ್ಲ. ಕೆಲವಲ್ಲಿ ನಕ್ಷತ್ರ ಜನನ ಬಹುಮಟ್ಟಿಗೆ ನಿಂತೇಹೋಗಿದೆ. ಅವು ಕತ್ತಲಾಗಿಲ್ಲ, ಹಳೆಯ ನಕ್ಷತ್ರಗಳ ಬೆಳಕಿನಿಂದ ಇನ್ನೂ ಹೊಳೆಯುತ್ತಿವೆ. ಅವು ನಿಂತುಹೋಗಿವೆ ಎಂದು ತಿಳಿಯುವುದು ಹೇಗೆ? ಮೊದಲ ಸುಳಿವು ಬಣ್ಣ. ಭಾರಿ ತೂಕದ ನಕ್ಷತ್ರಗಳು ನೀಲಿಯಾಗಿ ಉಜ್ವಲವಾಗಿ ಉರಿದು ಕೆಲವೇ ದಶಲಕ್ಷ ವರ್ಷಗಳಲ್ಲಿ ಮುಗಿದುಹೋಗುತ್ತವೆ. ಸೂರ್ಯನಂಥವು ಸಾವಿರ ಕೋಟಿ ವರ್ಷ ಬಾಳುತ್ತವೆ. ಸೂರ್ಯನಿಗಿಂತ ಬಹಳ ಚಿಕ್ಕವಾದ ಕೆಂಪು ನಕ್ಷತ್ರಗಳ ಆಯುಸ್ಸು ವಿಶ್ವದ ಈವರೆಗಿನ ವಯಸ್ಸಿಗಿಂತಲೂ ಹೆಚ್ಚು. ಆದ್ದರಿಂದ ಗೆಲಾಕ್ಸಿ ನೀಲಿಯಾಗಿದ್ದರೆ ಅಲ್ಲಿ ಈಚೆಗಷ್ಟೇ ನಕ್ಷತ್ರಗಳು ಹುಟ್ಟಿವೆ ಎಂದರ್ಥ. ಕೆಂಪಾಗಿದ್ದರೆ ಹೊಸ ಜನನವಿಲ್ಲ ಎಂಬ ಶಂಕೆ. ಮಕ್ಕಳ ಗಲಾಟೆಯಿಲ್ಲದೆ ಮುದುಕರೇ ಉಳಿದಿರುವ ಊರು ಎಂದರೆ ನಮ್ಮ ಓದುಗರಿಗೆ ಬೇಗ ಅರ್ಥವಾದೀತು. ಅಂಥ ಊರುಗಳು ನಮ್ಮಲ್ಲೂ ಕಡಿಮೆಯಿಲ್ಲ.

ಈ ತಿಳಿವಳಿಕೆಗೆ ದೊಡ್ಡ ಇತಿಹಾಸವಿದೆ. 1926ರಲ್ಲಿ ಎಡ್ವಿನ್ ಹಬಲ್ ಗೆಲಾಕ್ಸಿಗಳನ್ನು ಸುರುಳಿಯಾಕಾರದವು, ದೀರ್ಘವೃತ್ತಾಕಾರದವು ಎಂದು ವರ್ಗೀಕರಿಸಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಆರಿಸಿದ್ದ ರಾತ್ರಿಗಳಲ್ಲಿ, ಮೌಂಟ್ ವಿಲ್ಸನ್ ವೀಕ್ಷಣಾಲಯದ ನೂರು ಅಂಗುಲದ ದೂರದರ್ಶಕದಿಂದ ವಾಲ್ಟರ್ ಬಾಡೆ ಆಂಡ್ರೊಮಿಡ ಗೆಲಾಕ್ಸಿಯ ಕೇಂದ್ರಭಾಗದ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಗುರುತಿಸಿದ. ನಕ್ಷತ್ರಗಳಲ್ಲಿ ನೀಲಿ ಮತ್ತು ಕೆಂಪು ಎಂಬ ಎರಡು ‘ಜನಸಮುದಾಯ’ಗಳಿವೆ ಎಂದು 1944ರಲ್ಲಿ ಪ್ರಕಟಿಸಿದ. ಯುದ್ಧದ ಕತ್ತಲೆ ವಿಜ್ಞಾನಕ್ಕೆ ಬೆಳಕಾದ ಅಪರೂಪದ ಪ್ರಸಂಗವಿದು.

ಆಮೇಲೆ ಬಂದವರು ಬಿಯಾಟ್ರಿಸ್ ಟಿನ್‌ಸ್ಲಿ. ಗೆಲಾಕ್ಸಿಗಳು ಕಾಲಕಾಲಕ್ಕೆ ಬದಲಾಗುತ್ತವೆ, ನಕ್ಷತ್ರಗಳು ಮುಪ್ಪಾದಂತೆ ಅವುಗಳ ಬಣ್ಣ ಮತ್ತು ಹೊಳಪು ಮಾರ್ಪಡುತ್ತವೆ ಎಂದು 1960ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದರು. ದೂರದ ಗೆಲಾಕ್ಸಿಗಳನ್ನು ಬದಲಾಗದ ದೀಪಗಳೆಂದು ನಂಬಿ ವಿಶ್ವವನ್ನು ಅಳೆಯುತ್ತಿದ್ದವರಿಗೆ ಇದು ರುಚಿಸುವ ಮಾತಾಗಿರಲಿಲ್ಲ. ಟಿನ್‌ಸ್ಲಿ 1981ರಲ್ಲಿ, ಕೇವಲ ನಲವತ್ತರ ಪ್ರಾಯದಲ್ಲಿ ತೀರಿಕೊಂಡರು. ಇಂದು ಗೆಲಾಕ್ಸಿಯೊಂದರ ವಯಸ್ಸನ್ನು ಯಾರೇ ಲೆಕ್ಕ ಹಾಕಿದರೂ ಅವರು ಹಾಕಿಕೊಟ್ಟ ದಾರಿಯಲ್ಲೇ ನಡೆಯಬೇಕು.

2000ದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಆರಂಭವಾದ ಸ್ಲೋನ್ ಆಕಾಶ ಸಮೀಕ್ಷೆ ಲಕ್ಷಾಂತರ ಗೆಲಾಕ್ಸಿಗಳ ಜನಗಣತಿಯನ್ನೇ ನಡೆಸಿತು. ಅದರಲ್ಲಿ ಕಂಡ ಸಂಗತಿ ಕುತೂಹಲಕರ. ಗೆಲಾಕ್ಸಿಗಳು ನೀಲಿಯಿಂದ ಕೆಂಪಿನವರೆಗೆ ಸಮನಾಗಿ ಹರಡಿಕೊಂಡಿಲ್ಲ. ಸ್ಪಷ್ಟವಾಗಿ ಎರಡು ಗುಂಪುಗಳಾಗಿವೆ. ನಡುವಿನ ಬಣ್ಣದವು ಕಡಿಮೆ. ಜೊತೆಗೆ, ತೂಕ ಹೆಚ್ಚಿದಷ್ಟೂ ನಿಂತುಹೋದವುಗಳ ಪ್ರಮಾಣ ಹೆಚ್ಚು. ಅತಿ ಶ್ರೀಮಂತ ಗೆಲಾಕ್ಸಿಗಳೇ ಉತ್ಪಾದನೆ ನಿಲ್ಲಿಸಿವೆ! ಇದೇ ಈ ಸಂಶೋಧನೆಯ ಮುಖ್ಯ ಒಗಟು.

ನಿಧಾನ ಸಾವು, ದಿಢೀರ್ ಸಾವು

ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಒಟ್ಟಾರೆ ನಕ್ಷತ್ರ ಜನನ ಅತ್ಯಂತ ಭರದಿಂದ ನಡೆದದ್ದು ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ. ಅಲ್ಲಿಂದೀಚೆಗೆ ಅದು ಹತ್ತರಲ್ಲೊಂದು ಪಾಲಿಗೆ ಇಳಿದಿದೆ. ವಿಶ್ವ ತನ್ನ ಸುಗ್ಗಿಯ ಕಾಲವನ್ನು ದಾಟಿ ಬಂದಿದೆ ಎನ್ನಬೇಕು.

ಇಳಿಕೆಗೆ ಕಾರಣವೇನು? ನಮ್ಮ ನೆರೆಹೊರೆಯ ಗೆಲಾಕ್ಸಿಗಳ ಮಟ್ಟಿಗೆ ಒಂದು ಸೊಗಸಾದ ತನಿಖೆ 2015ರಲ್ಲಿ ಪ್ರಕಟವಾಯಿತು. ಕೇಂಬ್ರಿಜ್ ಮತ್ತು ಎಡಿನ್‌ಬರೊದ ವಿಜ್ಞಾನಿಗಳು ಸುಮಾರು 26,000 ಗೆಲಾಕ್ಸಿಗಳಲ್ಲಿರುವ ಲೋಹಾಂಶವನ್ನು ಲೆಕ್ಕ ಹಾಕಿದರು. ಇಂಗಾಲ, ಆಮ್ಲಜನಕ, ಕಬ್ಬಿಣ ಮೊದಲಾದ ಭಾರವಸ್ತುಗಳೆಲ್ಲ ತಯಾರಾಗುವುದು ನಕ್ಷತ್ರಗಳಲ್ಲಿ. ಖಗೋಳದವರು ಇವನ್ನೆಲ್ಲ ಒಟ್ಟಾಗಿ ಲೋಹಗಳೆಂದೇ ಕರೆಯುತ್ತಾರೆ. ಅನಿಲ ಒಮ್ಮೆಗೇ ಹೊರದಬ್ಬಲ್ಪಟ್ಟರೆ ಲೋಹಾಂಶ ಅಂದಿನ ಮಟ್ಟದಲ್ಲೇ ನಿಲ್ಲುತ್ತದೆ. ಬದಲಿಗೆ, ಹೊಸ ಅನಿಲದ ಸರಬರಾಜು ಮಾತ್ರ ನಿಂತು, ಉಳಿದದ್ದರಲ್ಲೇ ನಕ್ಷತ್ರಗಳು ಹುಟ್ಟುತ್ತಾ ಹೋದರೆ, ತಾಜಾ ಜಲಜನಕ ಬೆರೆಯದ ಕಾರಣ ಲೋಹಾಂಶ ಏರುತ್ತಲೇ ಹೋಗುತ್ತದೆ. ನಿಂತುಹೋದ ಗೆಲಾಕ್ಸಿಗಳಲ್ಲಿ ಕಂಡದ್ದು ಈ ಎರಡನೆಯ ಬಗೆ. ಪೋಷಕ ಕಾಲುವೆ ಮುಚ್ಚಿದ ಮೇಲೆ ಅವು ಸುಮಾರು 400 ಕೋಟಿ ವರ್ಷ ಕೈಲಿದ್ದುದನ್ನು ಖರ್ಚು ಮಾಡುತ್ತಾ ಮೆಲ್ಲಗೆ ಬರಿದಾದವು ಎಂಬ ತೀರ್ಮಾನಕ್ಕೆ ಅವರು ಬಂದರು. ಲೆಕ್ಕಪರಿಶೋಧನೆ ಎಂದರೆ ಹೀಗಿರಬೇಕು: ವೋಚರುಗಳು ಕಾಣೆಯಾಗಿದ್ದರೂ ಶಿಲ್ಕಿನ ಗುಣದಿಂದಲೇ ಸತ್ಯವನ್ನು ಹೊರಗೆಳೆಯುವುದು.

ಆದರೆ ದೂರದ ಗೆಲಾಕ್ಸಿಗಳು ಬೇರೆಯೇ ಕಥೆ ಹೇಳುತ್ತವೆ. ದೂರಕ್ಕೆ ನೋಡುವುದೆಂದರೆ ಹಿಂದಕ್ಕೆ ನೋಡುವುದು. ಬೆಳಕು ಬಂದು ಮುಟ್ಟಲು ಕಾಲ ಬೇಕಲ್ಲವೇ? ಅಷ್ಟೇ ಅಲ್ಲ, ವಿಶ್ವ ಹಿಗ್ಗುತ್ತಿರುವುದರಿಂದ ಆ ಬೆಳಕಿನ ಅಲೆಗಳೂ ಹಿಗ್ಗಿ ಬರುತ್ತವೆ. ವಯಸ್ಸಾದ ಗೆಲಾಕ್ಸಿಯ ರೋಹಿತದಲ್ಲಿ 0.4 ಮೈಕ್ರಾನ್ ಅಲೆಯುದ್ದದ ಬಳಿ ಮೆಟ್ಟಿಲಿನಂತೆ ಒಂದು ಏರಿಕೆ ಇರುತ್ತದೆ. ಅದೇ ಮುಪ್ಪಿನ ಗುರುತು. ಬಹುದೂರದ ಗೆಲಾಕ್ಸಿಯಲ್ಲಿ ಆ ಗುರುತು ಕಣ್ಣಿಗೆ ಕಾಣದ ಅವಗೆಂಪು ಪ್ರದೇಶಕ್ಕೆ ಸರಿದಿರುತ್ತದೆ. ಭೂಮಿಯ ವಾತಾವರಣ ಅವಗೆಂಪಿನ ಬಹುಭಾಗವನ್ನು ತಡೆಯುತ್ತದೆ. ಇದಕ್ಕಾಗಿಯೇ 2021ರ ಡಿಸೆಂಬರ್ 25ರಂದು ಹಾರಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನೆಲೆಸಿದ, 6.5 ಮೀಟರ್ ಕನ್ನಡಿಯ ಜೇಮ್ಸ್ ವೆಬ್ ದೂರದರ್ಶಕ ಬೇಕಾಯಿತು.

ಜಿಎಸ್-9209 ಎಂಬ ಗೆಲಾಕ್ಸಿಯ ಉದಾಹರಣೆ ನೋಡಬಹುದು. 2004ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಕರೀನಾ ಕಪೂಟಿ ಅದನ್ನು ಗುರುತಿಸಿದ್ದರು. ಅದು ನಿಜಕ್ಕೂ ಏನೆಂದು ಖಚಿತವಾಗಲು ಎರಡು ದಶಕಗಳೇ ಬೇಕಾದವು. 2023ರಲ್ಲಿ ಅದೇ ವಿಶ್ವವಿದ್ಯಾಲಯದ ಆ್ಯಡಂ ಕಾರ್ನಲ್ ಮತ್ತು ಸಂಗಡಿಗರು ವೆಬ್ ದೂರದರ್ಶಕದ ರೋಹಿತವನ್ನು ವಿಶ್ಲೇಷಿಸಿ ಹೇಳಿದ್ದಿಷ್ಟು: ನಾವು ಕಾಣುತ್ತಿರುವುದು ವಿಶ್ವಕ್ಕೆ ಸುಮಾರು 125 ಕೋಟಿ ವರ್ಷ ವಯಸ್ಸಾಗಿದ್ದಾಗಿನ ಗೆಲಾಕ್ಸಿಯನ್ನು. ಅಷ್ಟರಲ್ಲಿ ಅದು ಸುಮಾರು 4,000 ಕೋಟಿ ಸೂರ್ಯರಷ್ಟು ತೂಕದ ನಕ್ಷತ್ರಗಳನ್ನು ಸೃಷ್ಟಿಸಿ, ಕೆಲಸ ನಿಲ್ಲಿಸಿ, ಸುಮ್ಮನಾಗಿತ್ತು. ಬಹುಪಾಲು ನಕ್ಷತ್ರಗಳು ಹುಟ್ಟಿದ್ದು ಸುಮಾರು 20 ಕೋಟಿ ವರ್ಷಗಳ ಅವಧಿಯಲ್ಲಿ. ಭಾಗಿಸಿ ನೋಡಿದರೆ ವರ್ಷಕ್ಕೆ ಸರಾಸರಿ 200 ಸೂರ್ಯರು! ಆಕಾಶಗಂಗೆಯ ಇಂದಿನ ವೇಗಕ್ಕೆ ನೂರು ಪಟ್ಟಿಗೂ ಮೇಲೆ. 400 ಕೋಟಿ ವರ್ಷಗಳ ನಿಧಾನ ಸಾವಿಗೆ ಅಲ್ಲಿ ಅವಕಾಶವೇ ಇರಲಿಲ್ಲ. ಇಲ್ಲಿ ಒಡೆದದ್ದು ಏರಿ. ಕಾಲುವೆ ಮುಚ್ಚಿದ್ದೊಂದೇ ಕಾರಣವಾಗಿರಲಾರದು.

ಒಡೆದವರು ಯಾರು? ಶಂಕೆ ಬೀಳುವುದು ಗೆಲಾಕ್ಸಿಯ ನಡುವೆ ಕುಳಿತ ಕಪ್ಪುಕುಳಿಯ ಮೇಲೆ. ಜಿಎಸ್-9209ರ ಕಪ್ಪುಕುಳಿ ಸುಮಾರು 50 ಕೋಟಿ ಸೂರ್ಯರ ತೂಕದ್ದು. ಕಪ್ಪುಕುಳಿ ಎಲ್ಲವನ್ನೂ ನುಂಗುತ್ತದೆ ಎಂಬುದು ಜನಪ್ರಿಯ ತಿಳಿವಳಿಕೆ. ಆದರೆ ಅದರತ್ತ ಸುತ್ತುತ್ತಾ ಬೀಳುವ ದ್ರವ್ಯ ವಿಪರೀತ ಕಾಯ್ದು, ಒಳಗೆ ಬೀಳುವ ಮುನ್ನ ಅಪಾರ ಶಕ್ತಿಯನ್ನು ಹೊರಚೆಲ್ಲುತ್ತದೆ. ಆ ರಭಸಕ್ಕೆ ಸುತ್ತಲಿನ ಅನಿಲ ಗೆಲಾಕ್ಸಿಯಿಂದಲೇ ಹೊರಗೆ ತಳ್ಳಲ್ಪಡುತ್ತದೆ. 2024ರಲ್ಲಿ ಇದಕ್ಕೆ ಬಲವಾದ ಸಾಕ್ಷ್ಯ ದೊರೆಯಿತು. ವಿಜ್ಞಾನಿಗಳು ತಮ್ಮ ಸಹೋದ್ಯೋಗಿಯೊಬ್ಬರ ಹೆಸರಿನಿಂದ ‘ಪ್ಯಾಬ್ಲೊನ ಗೆಲಾಕ್ಸಿ’ ಎಂದು ಕರೆಯುವ, ವಿಶ್ವಕ್ಕೆ ಸುಮಾರು 200 ಕೋಟಿ ವರ್ಷವಾಗಿದ್ದಾಗಿನ ದೈತ್ಯ ಗೆಲಾಕ್ಸಿಯೊಂದರಿಂದ ಅನಿಲ ಸೆಕೆಂಡಿಗೆ ಸುಮಾರು ಸಾವಿರ ಕಿಲೋಮೀಟರ್ ವೇಗದಲ್ಲಿ ಹೊರಗೆ ಧಾವಿಸುತ್ತಿರುವುದು ಕಂಡಿತು. ತಣ್ಣನೆಯ ಆ ಅನಿಲ ಸ್ವತಃ ಬೆಳಗುವುದಿಲ್ಲ. ಹಿಂದಿನ ನಕ್ಷತ್ರಗಳ ಬೆಳಕನ್ನು ತಡೆಯುವುದರಿಂದ, ನೆರಳಿನಂತೆ, ಅದರ ಇರವು ಗೊತ್ತಾಯಿತು.

ಅನಿಲವನ್ನು ಹೊರಹಾಕಿದರೆ ಸಾಲದು, ಮತ್ತೆ ಬಾರದಂತೆ ತಡೆಯಲೂಬೇಕು. ಅದಕ್ಕೂ ಕಪ್ಪುಕುಳಿಯೇ ಕಾವಲುಗಾರ. ಪರ್ಸಿಯಸ್ ಗೆಲಾಕ್ಸಿ ಗುಚ್ಛದಲ್ಲಿ ಕೋಟ್ಯಂತರ ಡಿಗ್ರಿ ಕಾವಿನ ಅನಿಲ ರಾಶಿಬಿದ್ದಿದೆ. ಅದು ತಣಿದು ಕೇಂದ್ರದ ಗೆಲಾಕ್ಸಿಗೆ ಸುರಿದಿದ್ದರೆ ಅಲ್ಲಿ ನಕ್ಷತ್ರಗಳ ಹಬ್ಬವೇ ನಡೆಯಬೇಕಿತ್ತು. ನಿರೀಕ್ಷಿಸಿದ ಮಟ್ಟದಲ್ಲಿ ಹಾಗೆ ಆಗುತ್ತಿಲ್ಲ. 2003ರಲ್ಲಿ ಚಂದ್ರ ಕ್ಷ-ಕಿರಣ ವೀಕ್ಷಣಾಲಯ ತೆಗೆದ ಚಿತ್ರಗಳಲ್ಲಿ ಆ ಅನಿಲದೊಳಗೆ ಅಲೆಗಳು ಕಂಡವು. ಕಪ್ಪುಕುಳಿ ಎಬ್ಬಿಸಿದ ಆ ಅಲೆಗಳು ಅನಿಲವನ್ನು ಬಿಸಿಯಾಗಿಯೇ ಉಳಿಸುತ್ತವೆ ಎಂದು ತಿಳಿಯಲಾಗಿದೆ. ಕನ್ನಡಿಗರಿಗೆ ಇಲ್ಲೊಂದು ಹೆಮ್ಮೆಯಿದೆಯೋ ಇಲ್ಲವೋ, ಭಾರತೀಯರಿಗಂತೂ ಇದೆ: ಆ ವೀಕ್ಷಣಾಲಯದ ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಸ್ಮರಣೆಗಾಗಿ ಇಟ್ಟದ್ದು. ಕೆರೆ ತುಂಬಿದ್ದೂ ತೂಬಿನಲ್ಲಿ ನೀರು ಬಾರದ ಸ್ಥಿತಿ ಪರ್ಸಿಯಸ್‌ನದು.

ಇಲ್ಲಿಗೆ ಎಲ್ಲವೂ ಬಗೆಹರಿಯಿತೆಂದು ಭಾವಿಸಬಾರದು. 2024ರಲ್ಲಿ ವರದಿಯಾದ ಮತ್ತೊಂದು ದೈತ್ಯ ಗೆಲಾಕ್ಸಿಯ ನಕ್ಷತ್ರಗಳು ವಿಶ್ವ ಹುಟ್ಟಿದ ಕೆಲವೇ ಕೋಟಿ ದಶಕಗಳಲ್ಲಿ ರೂಪುಗೊಂಡಂತೆ ತೋರಿದವು; ಅಷ್ಟು ಬೇಗ ಅಷ್ಟು ದ್ರವ್ಯ ಒಟ್ಟಾದದ್ದು ಹೇಗೆಂಬುದು ಸಿದ್ಧಾಂತಿಗಳಿಗೆ ತಲೆನೋವಾಗಿದೆ. ವಿಶ್ವಕ್ಕೆ 70 ಕೋಟಿ ವರ್ಷವಾಗಿದ್ದಾಗಲೇ ಕೆಲಸ ನಿಲ್ಲಿಸಿದ ದೊಡ್ಡ ಗೆಲಾಕ್ಸಿಯೊಂದು 2025ರಲ್ಲಿ ಪ್ರಕಟವಾಯಿತು. ಕಂಪ್ಯೂಟರ್ ಮಾದರಿಗಳು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಇಂಥವು ಸಿಗುತ್ತಿವೆ. ಇನ್ನು ಚಿಕ್ಕ ಗೆಲಾಕ್ಸಿಗಳಲ್ಲಿ ಕೆಲವು ನಿಜಕ್ಕೂ ನಿಂತಿವೆಯೋ, ಉಸಿರು ಹಿಡಿದು ಮತ್ತೆ ಆರಂಭಿಸಲಿವೆಯೋ ಹೇಳಲಾಗದು. ನಿಂತದ್ದೆಲ್ಲ ಸತ್ತದ್ದಲ್ಲ.

ತಪ್ಪು ತಿದ್ದಿಕೊಳ್ಳುವ ಪರಿ

ಆಡಳಿತದಲ್ಲಿದ್ದವನಾಗಿ ನನ್ನನ್ನು ಹೆಚ್ಚು ಆಕರ್ಷಿಸಿದ್ದು ಈ ವಿಜ್ಞಾನಿಗಳು ಆಕ್ಷೇಪಣೆಯನ್ನು ಎದುರಿಸುವ ರೀತಿ. 2017ರಲ್ಲಿ ಆಸ್ಟ್ರೇಲಿಯದ ಕಾರ್ಲ್ ಗ್ಲೇಜ್‌ಬ್ರೂಕ್ ತಂಡ, ವಿಶ್ವಕ್ಕೆ 165 ಕೋಟಿ ವರ್ಷವಾಗಿದ್ದಾಗಲೇ ನಿಂತುಹೋಗಿದ್ದ ಗೆಲಾಕ್ಸಿಯೊಂದನ್ನು ಕಂಡುಹಿಡಿದುದಾಗಿ ಪ್ರಕಟಿಸಿತು. ಕೂಡಲೇ ಬೇರೊಂದು ತಂಡ ಆಕ್ಷೇಪ ಎತ್ತಿತು. ಧೂಳು ತುಂಬಿದ ಗೆಲಾಕ್ಸಿಯೂ ಕೆಂಪಾಗಿ ಕಾಣುತ್ತದೆ. ಒಳಗೆ ನಕ್ಷತ್ರಗಳು ಹುಟ್ಟುತ್ತಿದ್ದರೂ ಧೂಳು ಅದನ್ನು ಮರೆಮಾಡುತ್ತದೆ. ಅದೇ ದಿಕ್ಕಿನಿಂದ ಕಾದ ಧೂಳಿನ ಸೂಸುವಿಕೆಯೂ ಬರುತ್ತಿದೆಯಲ್ಲ ಎಂಬುದು ಅವರ ವಾದ. 2018ರಲ್ಲಿ ಚಿಲಿ ದೇಶದ ಮರುಭೂಮಿಯಲ್ಲಿರುವ ಅಲ್ಮಾ ದೂರದರ್ಶಕ ಸಮೂಹದಿಂದ ಸೂಕ್ಷ್ಮವಾಗಿ ನೋಡಲಾಯಿತು. ಅಲ್ಲಿದ್ದವು ಒಂದಲ್ಲ, ಎರಡು ಗೆಲಾಕ್ಸಿಗಳು! ಒಂದು ನಿಜಕ್ಕೂ ನಿಂತಿತ್ತು. ಧೂಳಿನ ಸೂಸುವಿಕೆ ಬರುತ್ತಿದ್ದದ್ದು ಅದರ ಪಕ್ಕಕ್ಕೆ ಅಂಟಿಕೊಂಡಂತಿದ್ದ ಇನ್ನೊಂದರಿಂದ. ಅವಕ್ಕೆ ಜೆಕಿಲ್ ಮತ್ತು ಹೈಡ್ ಎಂದೇ ಹೆಸರಿಟ್ಟರು. ಆಕ್ಷೇಪ ಎತ್ತಿದವರು ಶತ್ರುಗಳಾಗಲಿಲ್ಲ. ಆಕ್ಷೇಪದಿಂದಾಗಿ ಎರಡನೆಯ ಗೆಲಾಕ್ಸಿ ಸಿಕ್ಕಿತು. ನಮ್ಮ ಕಚೇರಿಗಳಲ್ಲಿ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಸಿಗುವ ಸ್ವಾಗತವನ್ನು ನೆನೆದು ನನಗೆ ನಗು ಬಂತು.

ನಮ್ಮ ಪಾಲು

ಈ ಕೆಲಸವೆಲ್ಲ ಹೊರದೇಶದವರದು, ನಮಗೇಕೆ ಎನ್ನುವವರಿಗೆ ಎರಡು ಸಂಗತಿ ಹೇಳಬೇಕು. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಜೋಡಿಸಿ ಸಜ್ಜುಗೊಳಿಸಿದ್ದು ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆ, ಹೊಸಕೋಟೆಯ ತನ್ನ ಆವರಣದಲ್ಲಿ. ಎಳೆಯ ನಕ್ಷತ್ರಗಳು ಹೆಚ್ಚು ಬೆಳಗುವುದು ನೇರಳಾತೀತದಲ್ಲೇ. ಗೆಲಾಕ್ಸಿ ಗುಚ್ಛವೊಂದರೊಳಕ್ಕೆ ಸೆಕೆಂಡಿಗೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನುಗ್ಗುತ್ತಿರುವ ಜೆಒ201 ಎಂಬ ಗೆಲಾಕ್ಸಿಯನ್ನು ಅದು ನೋಡಿತು. ಬಿರುಗಾಳಿಗೆ ಸಿಕ್ಕಿದ ಸೆರಗಿನಂತೆ ಆ ಗೆಲಾಕ್ಸಿಯ ಅನಿಲ ಹಿಂದಕ್ಕೆ ಕಿತ್ತುಬರುತ್ತಿದೆ; ಕಿತ್ತುಬಂದ ಬಾಲದಲ್ಲೂ ನಕ್ಷತ್ರಗಳು ಹುಟ್ಟುತ್ತಿವೆ. ಅದರ ಕೇಂದ್ರದ ಬಳಿ ಮಾತ್ರ ಕಪ್ಪುಕುಳಿಯ ಪ್ರಭಾವದಿಂದ ನಕ್ಷತ್ರ ಜನನ ಕುಗ್ಗಿರುವ ಬರಿದು ಜಾಗವಿದೆ ಎಂದು 2019ರಲ್ಲಿ ವರದಿಯಾಯಿತು. ಗೆಲಾಕ್ಸಿಯೊಂದು ನಿಂತುಹೋಗುವ ಹಂತದಲ್ಲೇ ಅದನ್ನು ಕಂಡಂತಾಯಿತು.

ಎರಡನೆಯದು ಪುಣೆಯ ಉತ್ತರಕ್ಕೆ ಖೋಡದ್ ಬಳಿ ಇರುವ ಬೃಹತ್ ಮೀಟರ್ ಅಲೆ ರೇಡಿಯೊ ದೂರದರ್ಶಕ. 45 ಮೀಟರ್ ವ್ಯಾಸದ 30 ಆಂಟೆನಾಗಳ ಈ ಸ್ಥಾವರ ಗೋವಿಂದ ಸ್ವರೂಪ್ ಅವರ ಕನಸಿನ ಫಲ. ಪುಣೆಯ ರಾಷ್ಟ್ರೀಯ ರೇಡಿಯೊ ಖಗೋಳಭೌತ ಕೇಂದ್ರ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಬಳಸಿ, ಸುಮಾರು 800 ಕೋಟಿ ವರ್ಷಗಳ ಹಿಂದಿನ ಏಳೂವರೆ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳ ಕ್ಷೀಣ ಸಂಕೇತಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿದ್ದ ಜಲಜನಕದ ಸರಾಸರಿಯನ್ನು ಅಳೆದರು. 2020ರಲ್ಲಿ ಪ್ರಕಟವಾದ ಆ ಲೆಕ್ಕ ಹೇಳುವುದಿಷ್ಟು: ಅಂದು ಗೆಲಾಕ್ಸಿಗಳಲ್ಲಿ ಅನಿಲ ಸಮೃದ್ಧವಾಗಿತ್ತು, ಆದರೆ ಅವು ಅದನ್ನು ಖರ್ಚು ಮಾಡುತ್ತಿದ್ದ ವೇಗದಲ್ಲಿ ಆ ದಾಸ್ತಾನು ನೂರರಿಂದ ಇನ್ನೂರು ಕೋಟಿ ವರ್ಷಗಳಿಗೆ ಮಾತ್ರ ಸಾಲುವಂತಿತ್ತು. ಹೊಸ ಹರಿವು ಅದಕ್ಕೆ ಸಮನಾಗಿ ಬಾರದೆ ಹೋದದ್ದೇ ವಿಶ್ವದ ಸುಗ್ಗಿ ಮುಗಿಯಲು ಕಾರಣವಾಗಿರಬೇಕು. ದಾಸ್ತಾನು ಮತ್ತು ಹರಿವಿನ ಪಾಠ ಮತ್ತೆ ಎದುರಾಯಿತು. ಬಹುರಾಷ್ಟ್ರೀಯ ಸ್ಕ್ವೇರ್ ಕಿಲೋಮೀಟರ್ ಅರೇ ಯೋಜನೆಗೆ ಕೇಂದ್ರ ಸರ್ಕಾರ 1,250 ಕೋಟಿ ರೂಪಾಯಿ ಒಪ್ಪಿರುವುದು ಈ ಪರಂಪರೆಯ ಮುಂದುವರಿಕೆ.

ಉಪಯೋಗದ ಪ್ರಶ್ನೆ

ಇಷ್ಟೆಲ್ಲ ಓದಿದ ಮೇಲೂ 1996ರ ನನ್ನ ಷರಾ ಸಂಪೂರ್ಣ ತಪ್ಪಾಗಿತ್ತೆಂದು ಸುಲಭವಾಗಿ ಹೇಳಿಬಿಡಲಾರೆ. ಕೊಳವೆಬಾವಿಯ ಮುಂದೆ ಕೊಡಗಳ ಸಾಲು ಕಂಡವನಿಗೆ ಆದ್ಯತೆ ಎಂಬ ಮಾತು ಬರಿಯ ಪದವಲ್ಲ. ಬಡ ದೇಶದ ಬೊಕ್ಕಸದ ಪ್ರತಿ ರೂಪಾಯಿಗೂ ನೂರು ಕೈಗಳು ಕಾದಿರುತ್ತವೆ. ಆಕಾಶ ನೋಡುವುದರಿಂದ ಅಕಸ್ಮಾತ್ತಾಗಿ ಹುಟ್ಟಿದ ತಂತ್ರಜ್ಞಾನಗಳ ಪಟ್ಟಿಯನ್ನು ಮುಂದಿಟ್ಟು ಕೆಲವರು ಖಗೋಳವಿಜ್ಞಾನವನ್ನು ಸಮರ್ಥಿಸುತ್ತಾರೆ. ಅದು ನಿಜವಿದ್ದರೂ ನನಗೆ ಆ ವಾದ ಸಾಕೆನಿಸುವುದಿಲ್ಲ. ಮಗುವನ್ನು ಶಾಲೆಗೆ ಕಳಿಸುವುದು ಮಧ್ಯಾಹ್ನದ ಊಟ ಸಿಗುತ್ತದೆಂದು ಮಾತ್ರವೇ?

ನನ್ನ ತಪ್ಪು ಇದ್ದದ್ದು ಬೇರೆಡೆ. ನಾನು ‘ಉಪಯೋಗ’ವನ್ನು ಅದೇ ವರ್ಷದ ಲೆಕ್ಕದಲ್ಲಿ ಅಳೆದೆ, ಎಂದರೆ ದಾಸ್ತಾನನ್ನು ನೋಡಿದೆ, ಹರಿವನ್ನು ನೋಡಲಿಲ್ಲ. ಕಾಲೇಜಿಗೆ ಪ್ರತಿವರ್ಷ ಬರುವ ಹೊಸ ಹುಡುಗ ಹುಡುಗಿಯರ ಕುತೂಹಲ ಆ ಹರಿವು. ಅದು ಬತ್ತಿದರೆ ತಕ್ಷಣ ಏನೂ ಆಗುವುದಿಲ್ಲ. ಇದ್ದ ಅಧ್ಯಾಪಕರು, ಇದ್ದ ಸಂಸ್ಥೆಗಳು, ಇದ್ದ ಹೆಸರು ಇವುಗಳ ಬೆಳಕಿನಲ್ಲಿ ಬಹುಕಾಲ ಎಲ್ಲವೂ ಹೊಳೆಯುತ್ತಲೇ ಇರುತ್ತದೆ. ನಿಂತುಹೋದ ಗೆಲಾಕ್ಸಿಯೂ ಹೊಳೆಯುತ್ತದಲ್ಲವೇ? ಹೊಸದೇನೂ ಹುಟ್ಟುತ್ತಿಲ್ಲ ಎಂಬುದು ಬಣ್ಣ ನೋಡಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ. ಗೆಲಾಕ್ಸಿಗಳಿಗೆ ಆಯ್ಕೆಯಿಲ್ಲ, ನಮಗಿದೆ.

ಮೊನ್ನೆ ಅಣ್ಣನ ಮೊಮ್ಮಗಳಿಗೆ ಆ ಹಳೆಯ ಕಡತದ ಕಥೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ‘ಎಂಟು ಅಂಗುಲದ್ದಾದರೆ ಅದರಲ್ಲಿ ಎಂ87 ಕಾಣುತ್ತಿತ್ತು, ತಾತ’ ಎಂದಳು. ಕನ್ಯಾ ರಾಶಿಯ ದಿಕ್ಕಿನಲ್ಲಿ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ದೈತ್ಯ ಗೆಲಾಕ್ಸಿ ಅದು. 2019ರ ಏಪ್ರಿಲ್‌ನಲ್ಲಿ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂದ ಕಪ್ಪುಕುಳಿಯ ಚಿತ್ರ, ಆ ಕಿತ್ತಳೆ ಬಣ್ಣದ ಬಳೆ, ಅದರ ನಡುವಿನದೇ. ಅದೂ ನಕ್ಷತ್ರ ಹುಟ್ಟುವುದು ನಿಂತಿರುವ ಗೆಲಾಕ್ಸಿಯೇ. ಕತ್ತಲಾದ ಊರಿನ ಆಕಾಶದಲ್ಲಿ, ಬೇಸಿಗೆಯ ಆರಂಭದ ರಾತ್ರಿಗಳಲ್ಲಿ, ಎಂಟು ಅಂಗುಲದ ದೂರದರ್ಶಕದಲ್ಲಿ ಅದು ಮಸುಕಾದ ಹತ್ತಿಯ ಚೂರಿನಂತೆ ಕಾಣುತ್ತದಂತೆ.

ಆ ಅಧ್ಯಾಪಕರು ಬಹಳ ಹಿಂದೆಯೇ ನಿವೃತ್ತರಾಗಿರಬೇಕು. ಅವರ ಪ್ರಸ್ತಾವಕ್ಕೆ ಅಂದು ಒಪ್ಪಿಗೆ ಬರೆದಿದ್ದರೆ, ಕಾಲೇಜಿನ ಮಾಳಿಗೆಯ ಮೇಲೆ ಸರದಿಯಲ್ಲಿ ನಿಂತ ಮಕ್ಕಳಲ್ಲಿ ಯಾರಾದರೂ ಒಬ್ಬರು ಆ ಮಸುಕು ಚೂರನ್ನು ನೋಡಿ, ಇದೇಕೆ ಹೀಗಿದೆ ಎಂದು ಕೇಳುತ್ತಿದ್ದರೇನೋ. ಕೇಳುತ್ತಿರಲಿಲ್ಲವೇನೋ. ಆ ಪ್ರಶ್ನೆಗೆ ಅವಕಾಶ ಇಲ್ಲದಂತೆ ಮಾಡಿದ್ದು ಒಂದು ಸಾಲಿನ ಷರಾ. ಇಂದು ಅಂಥ ಕಡತಗಳು ಯಾರ ಮೇಜಿನ ಮೇಲಿವೆಯೋ ಅವರಿಗೆ ನನ್ನ ವಿನಂತಿ ಇಷ್ಟೆ: ‘ಸದ್ಯಕ್ಕೆ’ ಎಂದು ಬರೆಯುವ ಮುನ್ನ ಒಂದು ರಾತ್ರಿ ಆಕಾಶ ನೋಡಿ, ಬೆಳಿಗ್ಗೆ ಸಹಿ ಮಾಡಿ.